ಹೊಳೆದಂಡೆಗೆ ಹೋದ ತಂಗಳು ಪೆಟ್ಟಿಗೆ

ಇಂಜಿನಿಯರುಗಳು ಓದಿ ಕಲಿತದ್ದನ್ನು ನಾನು ಬಿಚ್ಚಿ ಕಲಿತವನು. ಮಿಕ್ಸಿ ಬಿಚ್ಚಿದ್ದೇನೆ, ಬಾವಿಯ ಮೋಟಾರು ಬಿಚ್ಚಿದ್ದೇನೆ, ಒಮ್ಮೆ ಮದುವೆ ಮನೆಯ ಮೈಕ್ ಸೆಟ್ಟನ್ನೇ ಬಿಚ್ಚಿ, ಅಯ್ಯನವರ ಮಂತ್ರ ಮೂರೂರಿಗೆ ಕೇಳುವಂತೆ ಮಾಡಿದ್ದೇನೆ! ಅಂಥ ನಾನು ಹಳೇ ಟೆಂಪೋ ಒಂದನ್ನು ಕೊಂಡು, ಒಳಗೆ ಮಂಚ, ಗ್ಯಾಸ್ ಒಲೆ, ಚಿಕ್ಕ ಫ್ರಿಜ್ಜು, ಅದಕ್ಕೊಂದು ಬ್ಯಾಟರಿ, ಬ್ಯಾಟರಿ ತುಂಬಲು ನೆತ್ತಿಯ ಮೇಲೆ ಸೋಲಾರ್ ಹಲಗೆ ಕೂರಿಸಿ ಸಂಚಾರಿ ಅರಮನೆ ಕಟ್ಟಿದ ಮೇಲೆ ಬಾಯಿ ಸುಮ್ಮನಿರುವುದುಂಟೆ? ಮಂಡಿಪೇಟೆಯಲ್ಲಿ ಸಿಕ್ಕ ಹರಿಹರದ ಬೀಗರು ಬಸವಪ್ರಭುಗಳಿಗೆ ಹೇಳಿಯೇಬಿಟ್ಟೆ.

“ಬೀಗರೆ, ಭಾನುವಾರ ಸಂಜಿಗೆ ನಿಮ್ಮೂರ ಹೊಳೆದಂಡಿಗೆ ಜೋಡಿಲೆ ಬರ್ರಿ. ಕರೆಂಟ್ ಕಂಬದ ಹಂಗಿಲ್ದಂಗೆ ಬೆಣ್ಣೆ ದೋಸೆ ತಿನ್ನಿಸ್ತೀನಿ. ಹಿಟ್ಟು ತಣ್ಣಗ, ಬೆಣ್ಣೆ ಗಟ್ಟಿ!”

“ಕಂಬ ಇಲ್ದ ಫ್ರಿಜ್ಜೇನ್ರಿ?” ಎಂದು ಬೀಗರು ಮೀಸೆಯಡಿ ನಕ್ಕರು.

ಮಗಳನ್ನು ಕೊಟ್ಟ ಮನೆ. ಆ ನಗುವನ್ನು ಅಲ್ಲೇ ಅಳಿಸದಿದ್ದರೆ ಯುಗಾದಿಗೂ ದೀಪಾವಳಿಗೂ ಹೋಳಿಗೆಯ ಜೊತೆ ಅದನ್ನೂ ಉಣ್ಣಬೇಕಾಗುತ್ತದೆ!

ಭಾನುವಾರ ಬೆಳಗ್ಗೆ ಗಂಡ ಹೆಂಡತಿ ನಮ್ಮ ಸರಸ್ವತಿ ನಗರದ ಮನೆ ಬಿಟ್ಟೆವು. ಫ್ರಿಜ್ಜಿನೊಳಗೆ ದೋಸೆ ಹಿಟ್ಟು, ಬೆಣ್ಣೆ, ಮಜ್ಜಿಗೆ ಕೂತಿದ್ದವು. ಬ್ಯಾಟರಿ ಅರ್ಧ ತುಂಬಿತ್ತು. ಉಳಿದರ್ಧ ಸೂರ್ಯನ ಜವಾಬ್ದಾರಿ. ಇಂಜಿನ್ನಿನಿಂದಲೂ ತುಂಬುವಂತೆ ವೈರು ಎಳೆಯಬಹುದಿತ್ತು. ಸೂರ್ಯನೇ ಇರುವಾಗ ಡೀಸೆಲ್ಲಿನ ಕಾಲು ಹಿಡಿಯುವುದೇಕೆಂದು ಬಿಟ್ಟಿದ್ದೆ. ತುಂಗಭದ್ರೆಯ ದಂಡೆಯಲ್ಲಿ ಬಟಾಬಯಲು ನೋಡಿ ಗಾಡಿ ನಿಲ್ಲಿಸಿದೆ. ಹೆಂಡತಿ ನಿರ್ಮಲ ಪಕ್ಕದ ಹೊಂಗೆಮರ ತೋರಿಸಿದಳು.

“ನೆಳ್ಳಿಗೆ ನಿಲ್ಲಿಸ್ರಿ. ಇಲ್ಲಿ ಬೆಂದು ಹೋಗ್ತೀವಿ.”

“ನಾವು ಬೆಂದ್ರೂ ಚಿಂತಿಲ್ಲ. ಈ ಗಾಡಿಗೆ ಬಿಸಿಲೇ ಅನ್ನ!”

“ಹಂಗಾರೆ ಸಂಜಿತನಕ ನೆತ್ತಿ ಮ್ಯಾಲೆ ಬಿಸಿಲು ಬೀಳತೈತೇನ್ರಿ?”

“ಅಂಗೈಯಗಲ ನೆಳ್ಳು ಬಿದ್ರೆ ಕೇಳು!”

ಆಕೆ ಇಷ್ಟು ಶ್ರದ್ಧೆಯಿಂದ ನನ್ನ ವಿದ್ಯೆಯನ್ನು ವಿಚಾರಿಸಿದ್ದು ಮದುವೆಯಾದ ಮೇಲೆ ಅದೇ ಮೊದಲು. ಹಿಗ್ಗಿ ಹೀರೇಕಾಯಿಯಾಗಿ, ಟವೆಲ್ ಹೆಗಲಿಗೇರಿಸಿ ಹೊಳೆಗೆ ಸ್ನಾನಕ್ಕೆ ಹೋದೆ.

ಬಂದು ನೋಡಿದರೆ ಬ್ಯಾಟರಿಯ ಮೀಟರಿನಲ್ಲಿ ಏರಬೇಕಾದ ಅಂಕಿ ಇಳಿಯುತ್ತಿದೆ! ನಾನು ಎದೆಗೆಡುವ ಆಸಾಮಿಯೇ? ಕೂಡಲೇ ಬರಗಾಲದ ಆಡಳಿತ ಜಾರಿಗೆ ತಂದೆ. ಫ್ಯಾನು ಬಂದ್! ರೇಡಿಯೋ ಬಂದ್! ನಿರ್ಮಲಳ ಮೊಬೈಲನ್ನು ಚಾರ್ಜಿನಿಂದ ಕಿತ್ತೆಸೆದೆ.

“ಒಂದು ಲೋಟ ಮಜ್ಜಿಗಿ ತಗೋತೀನ್ರಿ,” ಎಂದಳು.

“ಬ್ಯಾಡ! ಬಾಗಿಲು ತೆಗೆದ್ರೆ ತಂಪು ಹೊರಗೆ ಹೋಗತೈತೆ.”

“ತೆಗೀದಿದ್ರೆ ಒಳಗಿರೋದು ಯಾರಿಗೆ?”

“ಬೀಗರಿಗೆ!”

“ಸರಿ. ತಂಗಳು ಪೆಟಿಗಿಗೂ ಮಡಿ ಬಂತು.”

ಹೆಂಗಸರ ಕೈಯನ್ನು ನಂಬಬಾರದೆಂದು ಫ್ರಿಜ್ಜಿಗೆ ಸುತ್ತಲೂ ಹಗ್ಗ ಬಿಗಿದೆ. ಜೋಳದ ಚೀಲಕ್ಕೆ ಹಾಕುವ ಗಂಟು. ಹಾಕಿದವನಿಗೂ ಬಿಚ್ಚಲು ಬಾರದ್ದು!

ಊಟದ ಹೊತ್ತಿಗೆ ಫ್ರಿಜ್ಜು ‘ಗುರ್ರ್’ ಎಂದು ದೀರ್ಘ ನಿಟ್ಟುಸಿರುಬಿಟ್ಟು ಸುಮ್ಮನಾಯಿತು. ವೈರು ಎಳೆದೆ, ಫ್ಯೂಸು ಊದಿದೆ, ಬ್ಯಾಟರಿಯ ತುದಿ ಉಜ್ಜಿದೆ, ಗಾಡಿಯ ಕೆಳಗೆ ಅಂಗಾತ ಮಲಗಿ ಆಕಾಶಕ್ಕೆ ಬೈದೆ. ಬಿಸಿಲು ಇಳಿಯತೊಡಗಿದಾಗ ನೋಡದೆ ಉಳಿದದ್ದು ಗಾಡಿಯ ನೆತ್ತಿಯೊಂದೇ. ಏಣಿ ಹತ್ತಿದೆ.

ನನ್ನ ಸೋಲಾರ್ ಹಲಗೆಯ ಉದ್ದಗಲಕ್ಕೂ ನನ್ನದೇ ಬಿಳಿ ಪಂಚೆ ಹಾಸಿತ್ತು. ಪಂಚೆಯ ಮೇಲೆ, ಸಾಲು ಹಿಡಿದು ಕೂತ ಪಲ್ಟನ್ನಿನಂತೆ, ಅಕ್ಕಿ ಸಂಡಿಗೆ!

“ನಿರ್ಮಲಾ! ಇದೇನೇ ಇದು?”

“ಸಂಡಿಗಿ ಕಣ್ರಿ. ಹಿಟ್ಟು ಮನ್ಯಾಗೇ ಬೇಯಿಸ್ಕೊಂಡು ಬಂದಿದ್ದೆ. ಹೆಂಗೂ ಹತ್ತೀರಿ, ಕಾಗಿ ಬರದಂಗೆ ಒಂದೀಟು ಅಲ್ಲೇ ಕೂಡ್ರಿ.”

“ಏಣಿ ಹೆಂಗೆ ಹತ್ತಿದೆ?”

“ನೀವು ಹತ್ತಿದಂಗೆ.”

“ಈ ಹಲಗಿ ಮ್ಯಾಲೆ ಯಾಕ ಹಾಕಿದೆ ಮಾರಾಯ್ತಿ?”

“ಬಿಸಿಲು ಬೀಳೋ ಜಾಗ ಅಂತ ನೀವೇ ಎದಿ ತಟ್ಟಿ ಹೇಳಿದ್ರಲ್ಲ! ಇಂಥ ನುಣ್ಣನೆ ಜಾಗ ನಮ್ಮ ಮಾಳಿಗಿ ಮ್ಯಾಲೂ ಇಲ್ಲ. ಇಷ್ಟು ಬಿಸಿಲು ಸುಮ್ನೆ ಹಾಳಾಗಬೇಕೇನು?”

ಬಿಸಿಲು ಹಾಳಾಗಿರಲಿಲ್ಲ, ಹಾಳಾದವನು ನಾನು! ಸಂಡಿಗೆಗಳು ಮಾತ್ರ ಗರಿಗರಿಯಾಗಿ ಒಣಗಿ ನನ್ನನ್ನು ನೋಡಿ ನಗುತ್ತಿದ್ದವು.

ಕೆಳಗಿಳಿದರೆ ಒಳಗೆ ಘಮ್ಮೆಂದು ಹುಳಿ ವಾಸನೆ. ಕಾದ ಡಬ್ಬಿಯಂತಾಗಿದ್ದ ಗಾಡಿಯಲ್ಲಿ ದೋಸೆ ಹಿಟ್ಟು ಉಬ್ಬಿ, ಪಾತ್ರೆ ಮೀರಿ, ಫ್ರಿಜ್ಜಿನ ಸಂದಿಯಿಂದ ಹಗ್ಗದಡಿ ನುಸುಳಿ ನೊರೆನೊರೆಯಾಗಿ ಇಳಿಯುತ್ತಿತ್ತು. ಗಂಟು ಬಿಚ್ಚಲು ಹಲ್ಲು ಹಾಕಿದ ಆ ಶುಭ ಮುಹೂರ್ತಕ್ಕೇ ಬೀಗರ ಸ್ಕೂಟರ್ ಬಂದು ನಿಂತಿತು!

ಬೀಗಿತ್ತಿ ದ್ರಾಕ್ಷಾಯಣಮ್ಮ ಒಳಗಿಣುಕಿ, ನನ್ನನ್ನು ಸರಿಸಿ, ಒಲೆ ಪಕ್ಕದಲ್ಲಿದ್ದ ಚಾಕುವಿನಿಂದ ಹಗ್ಗ ಕುಯ್ದರು. ಹಿಟ್ಟನ್ನು ಬೆರಳಿಗೆ ಹಚ್ಚಿ ನೆಕ್ಕಿ ನೋಡಿದರು.

“ಇದು ದೋಸಿಗೆ ಬರಲ್ಲ ಬಿಡ್ರಿ ನಿರ್ಮಲಕ್ಕ. ಚೆಲ್ಲಬ್ಯಾಡ್ರಿ ಮತ್ತೆ. ರೀ, ಮನಿಗೆ ಹೋಗಿ ಪಡ್ಡಿನ ಹಂಚು ತರ್ರಿ.”

ಬೀಗರು ಸ್ಕೂಟರ್ ತಿರುಗಿಸಿದರು. ಹಂಚು ಬಂತು, ಈರುಳ್ಳಿ ಮೆಣಸಿನಕಾಯಿ ಹೆಚ್ಚಿದ್ದಾಯಿತು, ಕರಗಿ ನೀರಾಗಿದ್ದ ಬೆಣ್ಣೆ ಗುಳಿಗುಳಿಗೂ ಬಿತ್ತು. ಹೊರಗೆ ಕೆಂಪು, ಒಳಗೆ ಹತ್ತಿ! ಬೀಗರು ಒಂದರ ಹಿಂದೊಂದು ಪಡ್ಡು ಬಾಯಿಗೆ ಹಾಕತೊಡಗಿದರು. ನಾನು ತಲೆ ತಗ್ಗಿಸಿ, ಆ ಮೀಸೆಯಡಿಯ ನಗು ಈಗ ಬಂತು, ಆಗ ಬಂತು ಎಂದು ಕಾಯುತ್ತ ಕೂತೆ.

ನಗು ಬರಲಿಲ್ಲ. ಅದಕ್ಕಿಂತ ಕೆಟ್ಟದ್ದು ಬಂತು: ಮೆಚ್ಚುಗೆ!

“ಬೀಗರೆ, ನಿಮ್ಮನ್ನ ಹಗುರ ಮಾಡಿದ್ದೆ, ತಪ್ಪಾತು,” ಎಂದು ಬೀಗರು ಮೀಸೆ ಒರೆಸಿಕೊಂಡರು. “ಚಳಿಗಾಲದಾಗ ಹಿಟ್ಟು ಉಬ್ಬಲ್ಲ ಅಂತ ನಮ್ಮಾಕಿ ಕಂಬಳಿ ಹೊದಿಸಿ ಜ್ವರ ಬಂದೋರ್ನ ನೋಡ್ಕಂಡಂಗೆ ನೋಡ್ಕೋತಾಳೆ. ಒಂದೇ ಹಗಲಿನಾಗ ಹಿಂಗೆ ಹುಳಿ ಬರ್ಸೋ ಪೆಟಿಗಿ ನಮಗೂ ಒಂದು ಮಾಡಿಕೊಡ್ರಿ!”