ಯೀಸ್ಟಿಗೆ ಎರೆದ ತಣ್ಣೀರು

ನಾಯಿ ಸಾಕಿದರೆ ಬಾಲ ಆಡಿಸುತ್ತದೆ, ಬೆಕ್ಕು ಸಾಕಿದರೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಯೀಸ್ಟ್ ಸಾಕಿದವನಿಗೆ ಅದು ಬದುಕಿದೆಯೋ ಇಲ್ಲವೋ ಎಂಬುದೇ ಗೊತ್ತಾಗುವುದಿಲ್ಲ. ಕೊಲ್ಲಿ ನಾಡಿನ ಅಲ್ ನಹ್ದಾ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ನಾನು ಅದನ್ನು ಸಾಕಹೊರಟದ್ದು ಹೆಂಡತಿ ಸುಮಾಳ ಬಸುರಿ ಬಯಕೆಗಾಗಿ. ಅವಳಿಗೆ ಮೈಸೂರಿನ ಬೇಕರಿಯಂಥ ಖಾರಾ ಬನ್ ಬೇಕಿತ್ತು. ನಾನು ತಂದ ಬನ್ನುಗಳನ್ನೆಲ್ಲ ಮೂಸಿ, "ಆ ವಾಸನೆ ಇಲ್ಲ ರೀ" ಎಂದು ತಟ್ಟೆ ಸರಿಸುತ್ತಿದ್ದಳು. ಆ ಮುಖ ನೋಡಿ ನನಗೆ ನಿಜಕ್ಕೂ ಸಂಕಟವಾಗುತ್ತಿತ್ತು.

ಅವಳ ತಮ್ಮ ಕಿರಣ ಮೆಲ್ಬರ್ನ್‌ನಲ್ಲಿ ಮನೆಯಲ್ಲೇ ಬಿಯರ್ ಮಾಡುವ ಆಸಾಮಿ. ಊರಿಗೆ ಹೋಗುವ ದಾರಿಯಲ್ಲಿ ನಮ್ಮಲ್ಲಿ ಇಳಿದವನು, ಅಕ್ಕನಿಗೆಂದು ದ್ರವರೂಪದ ಯೀಸ್ಟಿನ ಒಂದೇ ಒಂದು ಪೊಟ್ಟಣ ತಂದಿದ್ದ. ಇಲ್ಲಿ ಮನೆಯಲ್ಲಿ ಬಿಯರ್ ಮಾಡುವಂತಿಲ್ಲ. ಬನ್ನಿಗೆ ಯಾರ ಅಡ್ಡಿಯೂ ಇಲ್ಲ. "ಭಾವ, ಇದು ಜೀವ ಇರೋ ಸಾಮಾನು. ನೇರ ಹಿಟ್ಟಿಗೆ ಸುರೀಬೇಡಿ. ಮೊದಲು ಸ್ಟಾರ್ಟರ್ ಮಾಡಿ. ಉಗುರುಬೆಚ್ಚಗಿನ ಸಕ್ಕರೆ ನೀರಲ್ಲಿ ಸ್ವಲ್ಪ ಮೈದಾ ಕದಡಿ ಅದಕ್ಕೆ ಊಟ ಹಾಕಿ, ಆಗಾಗ ಅಲ್ಲಾಡಿಸಿ. ನೊರೆ ಬಂತು ಅಂದ್ರೆ ಸಂಸಾರ ದೊಡ್ಡದಾಯ್ತು ಅಂತ," ಎಂದು ಹೇಳಿ ವಿಮಾನ ಹತ್ತಿದ.

ಕಾಣದ ಜೀವಿಗಳ ಸಂಸಾರ ನೋಡುವ ಕುತೂಹಲ ನನ್ನನ್ನು ಹಿಡಿದುಕೊಂಡಿತು. ಕುದಿಸಿದ ಸಕ್ಕರೆ ನೀರು ತೀರ ಬಿಸಿಯಿದೆ ಅನ್ನಿಸಿ, ನೀಲಿ ಗುರುತಿನ ನಲ್ಲಿ ತಿರುಗಿಸಿ ಧಾರಾಳವಾಗಿ ತಣ್ಣೀರು ಬೆರೆಸಿದೆ. ಮೈದಾ ಕದಡಿ ಯೀಸ್ಟ್ ಸುರಿದೆ. ಅಲ್ಲಾಡಿಸಿದ್ದೇ ಅಲ್ಲಾಡಿಸಿದ್ದು. ಭರಣಿಗೆ ಕಿವಿಯಿಟ್ಟೆ, ಟಾರ್ಚ್ ಬಿಟ್ಟೆ. ಆಫೀಸಿನಿಂದ ಸುಮಾಳಿಗೆ ಫೋನ್ ಮಾಡಿ, "ಇನ್ನೂ ಏನೂ ಚಲನೆ ಇಲ್ವಾ?" ಎಂದು ಕೇಳಿದಾಗ, ಪಕ್ಕದ ಸೀಟಿನ ಮಂಗಳೂರಿನವರು ಗಾಬರಿಯಾಗಿ, "ಹೆದರ್ಬೇಡಿ ಮಾರಾಯ್ರೆ, ಡಾಕ್ಟ್ರಿಗೆ ತೋರ್ಸಿ" ಎಂದು ಧೈರ್ಯ ಹೇಳಿದರು.

ಸಂಜೆಯಾದರೂ ಒಂದು ಗುಳ್ಳೆಯಿಲ್ಲ. ಸುಮಾ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: "ಯಾವ ನಲ್ಲಿ ನೀರು ಹಾಕಿದ್ರಿ?"

"ತಣ್ಣೀರಿಂದೇ."

"ಜುಲೈನಲ್ಲಿ?"

ಬೇಸಿಗೆಯಲ್ಲಿ ಇಲ್ಲಿ ಛಾವಣಿಯ ಟ್ಯಾಂಕ್ ಕಾದು ತಣ್ಣೀರಿನ ನಲ್ಲಿಯಲ್ಲಿ ಸುಡುನೀರು ಬರುತ್ತದೆ; ಯೀಸ್ಟ್ ಅದರಲ್ಲೇ ಬೆಂದುಹೋಗಿತ್ತು. ಹೀಟರ್ ಆರಿಸಿಟ್ಟರೆ ಬಿಸಿನೀರಿನ ನಲ್ಲಿಯಲ್ಲೇ ತಂಪು ನೀರು. ಹೊಸದಾಗಿ ಬಂದವರಿಗೆಲ್ಲ ಈ ಉಪದೇಶ ಮಾಡುವವನೇ ನಾನು.

ಅವಳು ಫ್ರಿಜ್ಜಿನಲ್ಲಿ ನಾನು ಮತ್ತೆ ಇಟ್ಟಿದ್ದ ಪೊಟ್ಟಣ ತೆಗೆದಳು. ನಾನು ಸರಿಯಾಗಿ ಹಿಂಡದೆ ಬಿಟ್ಟದ್ದು ಚಮಚೆಯಷ್ಟು ತಳದಲ್ಲಿ ಉಳಿದಿತ್ತು. ಹೊಸದಾಗಿ ಸಕ್ಕರೆ ನೀರು ಮಾಡಿ, ಮುಂಗೈಗೆ ಹನಿಸಿಕೊಂಡು ಹದ ನೋಡಿದಳು. ಬೆಳಗಾಗುವಷ್ಟರಲ್ಲಿ ನೊರೆ ಭರಣಿಯ ಬಾಯಿಗೆ ಬಂದಿತ್ತು. ಅದರಲ್ಲಿ ಹಿಟ್ಟು ಕಲಸಿ ಓವನ್ನಿನಲ್ಲಿ ಬೇಯಿಸಿದ ಬನ್ ಮುರಿದು ಮೂಸಿದವಳು ಕಣ್ಣು ಮುಚ್ಚಿಕೊಂಡಳು. ತಟ್ಟೆ ಸರಿಸಲಿಲ್ಲ.

ಮೆಲ್ಲಗೆ ಕೇಳಿದೆ: "ಹೇಗಿದೆ?"

"ಚೆನ್ನಾಗಿದೆ. ಆದ್ರೆ ಈಗಲೇ ಹೇಳಿರ್ತೀನಿ, ಮಗೂಗೆ ನೀರು ನಾನೇ ಎರೀತೀನಿ. ನೀವು ತೊಟ್ಟಿಲು ಅಲ್ಲಾಡಿಸಿ. ಅದೊಂದು ನಿಮಗೆ ಚೆನ್ನಾಗಿ ಬರುತ್ತೆ."