ನಾನು ದೋಣಿಗೆ ಮೇಣ ಹಚ್ಚಿದ್ದು

ದೋಣಿಯಲ್ಲಿ ಎರಡು ಸ್ಥಾನಗಳಿವೆ. ಹಿಂದೆ ಕುಳಿತು, ಹುಟ್ಟು ಹಿಡಿದು, ದೋಣಿಯನ್ನು ಬೇಕಾದತ್ತ ಒಯ್ಯುವವರದು ಒಂದು. ಮುಂದೆ ಕುಳಿತು, ಒಯ್ದತ್ತ ಹೋಗುವವರದು ಇನ್ನೊಂದು. ನಮ್ಮ ಸಂಸಾರದಲ್ಲಿ ಮೊದಲನೆಯದು ನನ್ನ ಹೆಂಡತಿ ಗೋದಾವರಿಯದಾಗಿತ್ತು. ಎರಡನೆಯದರಲ್ಲಿ ನಾನು ತೆಂಗಿನಕಾಯಿಗಳ ಜೊತೆ ಕುಳಿತುಕೊಳ್ಳುತ್ತಿದ್ದೆ. (ತೆಂಗಿನಕಾಯಿಗಳಿಗೆ ಈ ಬಗ್ಗೆ ದೂರಿರಲಿಲ್ಲ. ನನಗಿತ್ತು.)

ನಾವಿರುವುದು ಸಾಲಿಗ್ರಾಮದ ಹಿನ್ನೀರಿನ ದಂಡೆಯಲ್ಲಿ, ನನ್ನ ಅತ್ತೆಯವರ ಮನೆಯಲ್ಲಿ. ಎದುರಿಗೆ ಹೊಳೆಯ ನಡುವೆ ಒಂದು ಕುದ್ರು, ಅಂದರೆ ನಡುಗಡ್ಡೆ. ಅದರಲ್ಲಿ ಅತ್ತೆಯವರಿಗೆ ತವರಿನಿಂದ ಬಂದ ತೆಂಗಿನ ತೋಟ. ಕಾಯಿ ತರಬೇಕಾದರೆ ದೋಣಿಯೇ ಗತಿ. ನಾನಾದರೋ ಘಟ್ಟದ ಬುಡದ ಅಮಾಸೆಬೈಲಿನವನು; ನೀರೆಂದರೆ ಬಾವಿಯ ತಳದಲ್ಲಿ ಸುಮ್ಮನೆ ಇರುವ ವಸ್ತು ಎಂದು ತಿಳಿದು ಬೆಳೆದವನು. ಬ್ರಹ್ಮಾವರದ ಕಾಲೇಜೊಂದರಲ್ಲಿ ಗ್ರಂಥಪಾಲಕನಾಗಿದ್ದೇನೆ. ಹಿಂದೊಮ್ಮೆ ಗೋದಾವರಿಯನ್ನು ಕಾಡಿ ಬೇಡಿ ಹುಟ್ಟು ಹಿಡಿದಿದ್ದೆ. ದೋಣಿ ಬುಗುರಿಯಂತೆ ತಿರುಗಿ ತಿರುಗಿ, ಕೊನೆಗೆ ಹೊರಟ ದಂಡೆಗೇ ಬಂದು ನಿಂತಿತು. "ಪ್ರದಕ್ಷಿಣೆ ಚಂದ ಆಯ್ತ್. ನೀವ್ ಇನ್ನ್ ಇಳೀನಿ" ಎಂದಳು. ಅಂದಿನಿಂದ ನನ್ನ ಕೈಗೆ ಹುಟ್ಟು ಬಂದಿಲ್ಲ. ಐವತ್ತು ಸಮೀಪಿಸಿದ ಮನುಷ್ಯನಿಗೆ ಜೀವನದಲ್ಲಿ ಒಂದಾದರೂ ವಾಹನವನ್ನು ತಾನೇ ನಡೆಸಿದೆನೆಂಬ ಸಮಾಧಾನ ಬೇಡವೇ? (ಕಾರೂ ಅವಳೇ ಓಡಿಸುವುದು.)

ದೋಣಿಯ ಬಗ್ಗೆ ಎರಡು ಮಾತು. ಅದು ತ್ರಾಸಿಯ ಕಡೆಯ ರೆಸಾರ್ಟೊಂದರಲ್ಲಿ ಪ್ರವಾಸಿಗರನ್ನು ಹೊತ್ತು ಮೆರೆದ ಫೈಬರ್ ದೋಣಿ. ಮುದಿಯಾದ ಮೇಲೆ ಅವರು ಇಂಜಿನನ್ನು ಕಿತ್ತಿಟ್ಟುಕೊಂಡು ಒಡಲನ್ನು ಮಾತ್ರ ನಮಗೆ ಕೊಟ್ಟರು. ಎರಡು ಬದಿಗೂ ಉದ್ದಕ್ಕೆ ಕೆಂಪು ರೆಕ್ಸಿನ್ ಹೊದಿಸಿದ ಬೆಂಚುಗಳು. ನಮ್ಮಲ್ಲಿಗೆ ಬಂದ ಮೇಲೆ ಬಿಸಿಲು, ಉಪ್ಪುನೀರು, ಕಾಗೆಗಳು ಸೇರಿ ಒಡಲಿನ ಬಿಳಿಯನ್ನು ಬೂದಿಯನ್ನಾಗಿಯೂ ಕೆಂಪನ್ನು ಇಂಥದೆಂದು ಹೇಳಲಾಗದ ಬಣ್ಣವನ್ನಾಗಿಯೂ ಮಾಡಿದ್ದವು.

ನವರಾತ್ರಿ ಹತ್ತಿರ ಬಂದಾಗ ಗೋದಾವರಿಯೇ ಮಾತೆತ್ತಿದಳು.

"ಹ್ವಾಯ್, ಈ ದೋಣಿ ಮುಖ ಕಾಣುಕ್ ಆತ್ತಿಲ್ಲೆ. ಆಯುಧಪೂಜೆಗೆ ಅಣ್ಣ ಬತ್ತ. ಎಂತ, ಕಾಗಿ ಗೂಡಿಗೆ ಪೂಜೆ ಮಾಡುದಾ ಕೇಳ್ತ."

"ನಾನ್ ಚಂದ ಮಾಡ್ತೆ. ಆದ್ರೆ ಒಂದ್ ಶರತ್ತ್."

"ಎಂತ?"

"ಪೂಜೆ ಆದ್ ಮೇಲೆ ಒಂದ್ ಸುತ್ತು ಹೋಯ್ಕ್ ಅಲ್ದಾ, ಆ ಸುತ್ತಿಗೆ ಹುಟ್ಟು ನನ್ನ ಕೈಯಲ್ಲಿ."

ಅವಳು ನನ್ನನ್ನು ನೋಡಿದಳು, ದೋಣಿಯನ್ನು ನೋಡಿದಳು, ಆಮೇಲೆ ಸ್ವಲ್ಪ ಹೊತ್ತು ಹೊಳೆಯನ್ನು ನೋಡಿದಳು.

"ಹೊಳಿ ಅಗಲ ಇತ್ತ್. ಆಯ್ಲಿ" ಎಂದಳು.

ನಾನು ಯಾವ ಕೆಲಸವನ್ನೂ ಗುರುವಿಲ್ಲದೆ ಆರಂಭಿಸುವವನಲ್ಲ. ಮೊಬೈಲಿನ ವಿಡಿಯೋಗಳಲ್ಲಿ ಹುಡುಕಿ, ಪರದೇಶದ ಮಹನೀಯರೊಬ್ಬರನ್ನು ಗುರುವಾಗಿ ಸ್ವೀಕರಿಸಿದೆ. ಅವರ ದೋಣಿ ನಮ್ಮ ಮನೆಗಿಂತ ದೊಡ್ಡದಿತ್ತು, ಅವರ ಊರಿನಲ್ಲಿ ಕಾಗೆಗಳಿರಲಿಲ್ಲ. ಉಳಿದಂತೆ ನಮ್ಮಿಬ್ಬರ ಸಮಸ್ಯೆಯೂ ಒಂದೇ. ಅವರು ಹೇಳಿದಂತೆ ಮೊದಲು ಬಾವಿಯ ಸಿಹಿನೀರಿನಲ್ಲಿ ತೊಳೆದು ಉಪ್ಪನ್ನೂ ಪಾಚಿಯನ್ನೂ ತೆಗೆದೆ. ಒಣಗಿದ ಮೇಲೆ ಕೈ ಸವರಿದರೆ ಸುಣ್ಣದ ಗೋಡೆಯಂತೆ ಬಿಳಿಯ ಹುಡಿ ಹತ್ತುತ್ತಿತ್ತು. ಅದು ಬಿಸಿಲು ತಿಂದ ಫೈಬರಿನ ಲಕ್ಷಣವಂತೆ. ಅದನ್ನು ಉಜ್ಜುವ ಲೇಪವೊಂದನ್ನು ಹಾಕಿ ತಿಕ್ಕಿದೆ. ಬಳಿಕ ಮೇಣ. ನೆರಳಿನಲ್ಲಿಟ್ಟು, ಅಂಗೈ ಅಗಲದ ಜಾಗಕ್ಕೆ ಸ್ವಲ್ಪ ಸ್ವಲ್ಪವಾಗಿ, ಗುಂಡಗೆ ಗುಂಡಗೆ ಹಚ್ಚಬೇಕು. ಮಂಜು ಕವಿದಂತಾಗುವವರೆಗೆ ಕಾಯಬೇಕು. ಆಮೇಲೆ ಅತ್ಯಂತ ಮೃದುವಾದ ಬಟ್ಟೆಯಿಂದ ಒರೆಸಬೇಕು. ಮನೆಯಲ್ಲಿ ಅತ್ಯಂತ ಮೃದುವಾದ ಬಟ್ಟೆ ಎಲ್ಲಿದೆಯೆಂದು ನನಗೆ ಗೊತ್ತಿತ್ತು. ಅದು ಯಾರದೆಂದು ಮಾತ್ರ ಗೊತ್ತಿರಲಿಲ್ಲ.

"ಅಯ್ಯೋ, ಅದ್ ಅಮ್ಮ ಮಲ್ಗುಕೆ ಉಡೂ ಸೀರಿ ಮಾರ್ರೆ!" ಎಂದು ಗೋದಾವರಿ ಓಡಿಬಂದಳು.

ಬಟ್ಟೆ ಬದಲಾಯಿತು, ಕೆಲಸ ನಿಲ್ಲಲಿಲ್ಲ. ಗ್ರಂಥಾಲಯದಲ್ಲಿ ಇಷ್ಟು ವರ್ಷ ಪುಸ್ತಕಗಳಿಗೆ ರಟ್ಟು ಹಾಕಿ, ಅಂಚು ಕಟ್ಟಿ, ಹೊದಿಕೆ ತೊಡಿಸಿದವನಿಗೆ ಈ ಕೆಲಸ ರಕ್ತದಲ್ಲೇ ಇರುವಂತೆ ಬಂತು. ಬೂದಿಯ ಕೆಳಗಿನಿಂದ ಬಿಳಿ ಎದ್ದು ಬಂದಾಗ ನನಗಾದ ಆನಂದವನ್ನು ಇಲ್ಲಿ ಬರೆದರೆ ಅತಿಯಾದೀತು. ದೋಣಿಯ ಪಕ್ಕದಲ್ಲಿ ನನ್ನ ಮುಖ ಕಾಣುತ್ತಿತ್ತು ಎಂದಷ್ಟೇ ಹೇಳುತ್ತೇನೆ.

ರೆಕ್ಸಿನ್ ಬೆಂಚುಗಳದು ಬೇರೆಯೇ ಶುಶ್ರೂಷೆ. ಸೋಪುನೀರಿನಲ್ಲಿ ಮೆತ್ತಗೆ ಉಜ್ಜಿ, ಹೊಲಿಗೆಯ ಸಂದಿನ ಬೂಷ್ಟನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು, ಒಣಗಿಸಿ, ಬಿಸಿಲಿಗೆ ಬಿರಿಯದಂತೆ ಕಾಪಾಡುವ ದ್ರವವನ್ನು ಸವರುವುದು. ಈ ಹಂತದಲ್ಲಿ ಗುರುಗಳು ಬೆರಳೆತ್ತಿ ಏನನ್ನೋ ಬಹಳ ಗಂಭೀರವಾಗಿ ಹೇಳತೊಡಗಿದ್ದರು. ಅಷ್ಟರಲ್ಲಿ ಗೋದಾವರಿ ಕಾಯಿ ತುರಿಯಲು ಕರೆದಳು. ತುರಿದು ಬರುವಷ್ಟರಲ್ಲಿ ಗುರುಗಳು ತಮ್ಮ ದೋಣಿಯಲ್ಲಿ ದೂರ ಹೋಗಿಬಿಟ್ಟಿದ್ದರು. ನಡುವೆ ಏನು ಹೇಳಿದರೆಂದು ಹಿಂದಕ್ಕೆ ಹೋಗಿ ಕೇಳಬೇಕಿತ್ತು. ಬದಲಿಗೆ, ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದ ಅತ್ತೆಯವರನ್ನು ಕೇಳಿದೆ.

"ಅತ್ತೆ, ಮೇಣ ಹೊರಗಡಿಗೆ ಮಾತ್ರ ಸಾಕಾ? ಒಳಗೂ ಹಚ್ಚೂದಾ?"

ಅತ್ತೆಯವರದು ದೇವಸ್ಥಾನದ ಮನೆ. ಅವರು ನನ್ನನ್ನು ಮರುಕದಿಂದ ನೋಡಿದರು.

"ಅರ್ಧ ಮಿಂದ್ರೆ ಮಡಿ ಆತ್ತಾ?"

ಯಾವ ಶಾಸ್ತ್ರದಲ್ಲಿಯೂ ಅರ್ಧ ಮಡಿ ಎಂಬುದಿಲ್ಲ. ಆದ್ದರಿಂದ ಒಳಗಿನ ನೆಲಕ್ಕೆ, ಹತ್ತುವ ಮೆಟ್ಟಿಲಿಗೆ, ಹಿಡಿಯುವ ಅಂಚಿಗೆ, ರೆಕ್ಸಿನ್ನಿನ ದ್ರವದ ಮೇಲೆ ಇನ್ನೊಮ್ಮೆ ಬೆಂಚುಗಳಿಗೆ, ದೋಣಿಯ ತಳಕ್ಕೆ, ಕೊನೆಗೆ ಹುಟ್ಟಿಗೂ ಮೇಣ ಹಚ್ಚಿ ದೋಣಿಯನ್ನು ಸಂಪೂರ್ಣ ಮಡಿಯಾಗಿಸಿದೆ. ಕೆಲಸ ಮುಗಿದಾಗ ಕಾಗೆಯೊಂದು ಎಂದಿನಂತೆ ಬಂದು ಅಂಚಿನ ಮೇಲಿಳಿಯಿತು, ಜಾರಿತು, ರೆಕ್ಕೆ ಬಡಿದು ಸಾವರಿಸಿಕೊಂಡು, ನನ್ನನ್ನೊಮ್ಮೆ ನೋಡಿ ಹಾರಿಹೋಯಿತು. ನಾನು ಇದನ್ನು ನನ್ನ ಸಾಧನೆಯೆಂದು ಬಗೆದೆ.

ಆಯುಧಪೂಜೆಯ ಮಧ್ಯಾಹ್ನ ಗೋದಾವರಿಯ ಅಣ್ಣ ಕಮಲಾಕ್ಷ ಭಾವ ಬಂದರು. ಕೋಟದ ಹತ್ತಿರದ ದೇವಸ್ಥಾನವೊಂದರಲ್ಲಿ ಅರ್ಚಕರು. ದೋಣಿ ಹಿತ್ತಿಲಿನ ಇಳಿಜಾರಿನಲ್ಲಿ, ತೆಂಗಿನ ದಿಮ್ಮಿಗಳ ಮೇಲೆ, ಹೊಳೆಗೆ ಬೆನ್ನು ಹಾಕಿ ನಿಂತಿತ್ತು. ಮರಕ್ಕೆ ಕಟ್ಟಿದ್ದ ಹಗ್ಗದ ಕೊಳಕು ಹೊಳಪಿನ ಮೇಲೆ ಗೆರೆ ಎಳೆಯುತ್ತಿತ್ತೆಂದು ಅದನ್ನು ನಾನೇ ಬಿಚ್ಚಿಟ್ಟಿದ್ದೆ. ಆ ದೋಣಿಯನ್ನು ನೀರಿಗಿಳಿಸಲು ಯಾವಾಗಲೂ ನಾಲ್ಕು ಜನ ಬೇಕು. ತಾನಾಗಿಯೇ ಅದು ಎಲ್ಲಿಗೆ ಹೋದೀತು?

ಭಾವ ದೋಣಿಯ ಮೂತಿಗೆ ಗಂಧ ಹಚ್ಚಿದರು. ಗಂಧ ಒಂದು ಕ್ಷಣ ಯೋಚಿಸಿ ಕೆಳಗಿಳಿಯಿತು. ಇನ್ನೊಮ್ಮೆ ಹಚ್ಚಿದರು, ಅದೂ ಮೊದಲಿನದನ್ನು ಹಿಂಬಾಲಿಸಿತು. ಕುಂಕುಮ ಉದುರಿತು. ಸೇವಂತಿಗೆಯ ಮಾಲೆ ನಿಧಾನವಾಗಿ ಜಾರಿ ಭಾವನ ಪಾದಕ್ಕೇ ಬಿತ್ತು.

"ಭಾವಯ್ಯ, ಇದಕ್ಕೆ ಎಂತ ಹಚ್ಚಿದ್ರಿ ಮಾರ್ರೆ?"

"ಮೇಣ. ಇನ್ನ್ ಉಪ್ಪ್ ನೀರಾಯ್ಲಿ, ಪಾಚಿ ಆಯ್ಲಿ, ಎಂತದೂ ಹಿಡುದಿಲ್ಲೆ" ಎಂದೆ, ವಿನಯದಿಂದ.

"ದೇವ್ರ ಗಂಧವೂ ಹಿಡುದಿಲ್ಲೆ ಅಂತ ಆಯ್ತಲೆ!"

ಕೊನೆಗೆ ಅವರು ಬೆರಳಿನಲ್ಲಿ ಉಳಿದ ಗಂಧವನ್ನು ನನ್ನ ಹಣೆಗೆ ಒತ್ತಿದರು. ಅದು ನಿಂತಿತು. "ಕಾಣ್, ಇವ್ರಿಗೆ ಪಾಲಿಶ್ ಆಯ್ಲಿಲ್ಲೆ" ಎಂದಳು ಗೋದಾವರಿ.

ಮುಂದಿನ ಪ್ರಶ್ನೆ ನಿಂಬೆಹಣ್ಣಿನದು. ಕಾರಿನ ಚಕ್ರದ ಕೆಳಗೆ ಇಟ್ಟಾಗಿತ್ತು.

"ದೋಣಿಗೆ ಚಕ್ರ ಎಲ್ಲಿತ್ತ್?" ಎಂದು ಭಾವ ಕೇಳಿದರು.

"ಅಡಿಗ್ ಇಡ್. ನೀರಿಗ್ ಇಳೂ ಹೊತ್ತಿಗೆ ಒಡೀಲಿ" ಎಂದರು ಅತ್ತೆಯವರು. ಅದರಂತೆ ತಳಕ್ಕೂ ದಿಮ್ಮಿಗೂ ನಡುವೆ ನಿಂಬೆಹಣ್ಣುಗಳನ್ನಿಟ್ಟೆ. ಮೇಣ ಹಚ್ಚಿದ ತಳಕ್ಕೆ ಉರುಳುವ ಹಣ್ಣಿನ ಆಸರೆ ಕೊಟ್ಟವನು ನಾನೇ ಎಂಬುದನ್ನು ಬಚ್ಚಿಡುವುದಿಲ್ಲ.

ಮನೆಯ ಹಿರಿಯರೆಂದು, ಮಂಡಿನೋವಿನ ಅತ್ತೆಯವರನ್ನು ಕೈಹಿಡಿದು ಮೊದಲು ಹತ್ತಿಸಿ, ಮುಂಭಾಗದ ಬೆಂಚಿನ ತುದಿಯಲ್ಲಿ ಕೂರಿಸಿದೆವು. ಅವರು ರೆಕ್ಸಿನ್ನನ್ನು ಸವರಿ, "ಎಷ್ಟ್ ನುಣ್ಣಗಿತ್ತ್! ಶಿಶು ಕೆನ್ನಿ ಹಾಂಗೆ" ಎಂದರು. ನಾನು ರೇಷ್ಮೆಯ ಪಟ್ಟೆಮಡಿ ಉಟ್ಟು, ಮೂತಿಯ ಬಳಿ ಅಂಚಿನ ಮೇಲೆ ಕೈಯಿಟ್ಟು, ನಾವಿಕನಿಗೆ ತಕ್ಕ ಗಾಂಭೀರ್ಯದಿಂದ ನಿಂತಿದ್ದೆ. ಇನ್ನು ಒಂದು ಮಂಗಳಾರತಿ, ಆಮೇಲೆ ಹುಟ್ಟು ನನ್ನದು. ಭಾವ ಆರತಿ ತಟ್ಟೆಯನ್ನೂ ಗಂಟೆಯನ್ನೂ ಹಿಡಿದು, ಹಿಂಭಾಗದಲ್ಲಿದ್ದ ಹುಟ್ಟಿಗೆ ಆರತಿ ಎತ್ತಲು ದೋಣಿಯೊಳಗೆ ಕಾಲಿಟ್ಟರು.

ಟಪ್ಪೆಂದು ಒಂದು ನಿಂಬೆಹಣ್ಣು ಒಡೆಯಿತು. ದೋಣಿ ಹೊರಟಿತು.

ಅವಸರವಿರಲಿಲ್ಲ, ಯಾರನ್ನೂ ಕೇಳಲೂ ಇಲ್ಲ. ಅಂಚನ್ನು ಎರಡೂ ಕೈಗಳಿಂದ ಹಿಡಿದೆ. ನನ್ನ ಕೆಲಸ ಚೆನ್ನಾಗಿತ್ತು, ಕೈ ನಿಲ್ಲಲಿಲ್ಲ. ದೋಣಿಯ ಹಿಂದೆ ನಾನೂ ಸ್ವಲ್ಪ ದೂರ ಹೋದೆ. ಆಮೇಲೆ ನಾನು ನೀರಿನಲ್ಲಿ ಕುಳಿತಿದ್ದೆ. ಕುಳಿತುಕೊಳ್ಳುವ ಉದ್ದೇಶವಿರಲಿಲ್ಲ.

ದೋಣಿಯೊಳಗೆ ಇದಕ್ಕಿಂತ ದೊಡ್ಡ ಸಂಗತಿಗಳು ನಡೆದವು. ಹಿಂಭಾಗ ತಗ್ಗಿದೊಡನೆ ಅತ್ತೆಯವರು, ಬೆನ್ನು ನೆಟ್ಟಗಿಟ್ಟುಕೊಂಡೇ, ಬೆಂಚಿನ ಉದ್ದಕ್ಕೂ ಮುಂದಿನಿಂದ ಹಿಂದಿನವರೆಗೆ ಜಾರಿಬಂದರು. ಲೋಕದಲ್ಲಿ ಅಧಿಕಾರಕ್ಕೆ ಏರಿದವರನ್ನು ಕಂಡಿದ್ದೇನೆ; ಜಾರಿ ತಲುಪಿದವರನ್ನು ಕಂಡದ್ದು ಅದೇ ಮೊದಲು. ಭಾವ ನೆಲದ ಮೇಲೆ ಕುಳಿತುಬಿಟ್ಟಿದ್ದರು, ಗಂಟೆ ಮಾತ್ರ ನಿಂತಿರಲಿಲ್ಲ. ಅವರ ಕೈಯಿಂದ ಬಿಡುಗಡೆಯಾದ ಆರತಿ ತಟ್ಟೆ ಉರಿಯುತ್ತಲೇ ಸಾಗಿ ಅತ್ತೆಯವರ ಪಾದದ ಬಳಿ ನಿಂತಿತು. ಸಂಪ್ರದಾಯಸ್ಥರಾದ ಅತ್ತೆಯವರು ಮೊದಲು ಆರತಿ ತೆಗೆದುಕೊಂಡರು. ಆಮೇಲೆ ಹುಟ್ಟು ತೆಗೆದುಕೊಂಡರು.

"ಅಮ್ಮಾ, ಅಲ್ಗ್‌ಬೇಡ! ಹಾಂಗೇ ಕೂಕೋ!" ಗೋದಾವರಿ ದಂಡೆಯಿಂದ ಕೂಗಿದಳು.

ಹುಟ್ಟು ಅತ್ತೆಯವರ ಕೈಯಿಂದ ಜಾರಿತು. ಅವರು ಸೆರಗನ್ನು ಹಿಡಿಗೆ ಸುತ್ತಿ ಮತ್ತೆ ಹಿಡಿದರು.

"ಕಮಲಾಕ್ಷ, ಆ ಗಂಟಿ ಸಾಕ್ ಮಾಡ್. ನಿನ್ನ್ ಶಾಲ್ ಕೊಡ್ ಇಲ್ಲ್."

ಶಾಲನ್ನು ಬೆಂಚಿನ ಮೇಲೆ ಹಾಸಿ ಗಟ್ಟಿಯಾಗಿ ಕುಳಿತರು. ಹುಟ್ಟನ್ನು ನೀರಿಗೆ ಹಾಕಿದರು. ಒಂದು ಎಳೆತ, ಇನ್ನೊಂದು. ದೋಣಿ ಮೂತಿ ತಿರುಗಿಸಿ, ಉಬ್ಬರದ ಏರುನೀರಿನ ಮೇಲೆ ನೇರವಾಗಿ, ಹಂಸದ ಹಾಗೆ ಹೊರಟಿತು. (ಹಂಸವನ್ನು ನಾನು ನೋಡಿಲ್ಲ. ಆ ಗಳಿಗೆಯಲ್ಲಿ ಬೇರೆ ಮಾತು ತೋಚಲಿಲ್ಲ.)

ಗೋದಾವರಿ ಕೂಗುವುದನ್ನು ನಿಲ್ಲಿಸಿದ್ದಳು.

"ಅಮ್ಮ ಹುಟ್ಟಿದ್ದ್ ಆ ಕುದ್ರುವಲ್ಲೇ" ಎಂದಳು ಮೆಲ್ಲಗೆ. "ಶಾಲೆಗೆ ದಿನಾ ತಾನೇ ಹುಟ್ಟು ಹಾಯ್ಕಂಡ್ ಬತ್ತಿದ್ಲಂಬ್ರ್. ದೇವಸ್ಥಾನದ್ ಮನಿ ಸೊಸಿ ದೋಣಿ ನಡ್ಸುದಾ ಅಂತ, ಮದುವಿ ಆದ್ ಮೇಲೆ ಮುಟ್ಲೇ ಇಲ್ಲೆ."

ಹೊಳೆಯ ನಡುವಿನಿಂದ ಅತ್ತೆಯವರ ಸ್ವರ ಕೇಳಿತು. ಮಂಡಿನೋವಿನಿಂದ ಯಾರಾದರೂ ಕೈಹಿಡಿಯದೆ ಜಗಲಿ ಇಳಿಯಲಾರದವರ ಸ್ವರ ಅದಾಗಿರಲಿಲ್ಲ.

"ಹ್ವಾಯ್ ಗೋದಾ! ನಾ ಕುದ್ರು ಸುತ್ತ್ ಹಾಯ್ಕಂಡ್ ಬತ್ತೆ! ಪಾಯಸ ತಳ ಹಿಡೂದ್, ಕಾಣ್!"

ಹೋಗಿಬಂದರು. ಒಂದಲ್ಲ, ಎರಡು ಸುತ್ತು. ಎರಡನೆಯ ಸುತ್ತಿನಲ್ಲಿ ಭಾವನೂ ನಗುತ್ತಿದ್ದರು. ದೋಣಿ ದಂಡೆಗೆ ತಾಗಿದಾಗ ಅತ್ತೆಯವರ ಮುಖದಲ್ಲಿ ನಾನು ತಿಂಗಳುಗಟ್ಟಲೆ ಮೇಣ ತಿಕ್ಕಿದರೂ ಬಾರದ ಹೊಳಪಿತ್ತು. ಸಂದರ್ಭ ನೋಡಿ ಸುಮ್ಮನಿರಬೇಕಾಗಿತ್ತು. ಆದರೆ ಒಪ್ಪಂದ ಒಪ್ಪಂದವೇ. ಪಟ್ಟೆಮಡಿಯ ನೀರು ಹಿಂಡಿಕೊಂಡು ಮುಂದೆ ಬಂದೆ.

"ಅತ್ತೆ, ಈಗ ನನ್ನ್ ಸುತ್ತು."

"ನಿಮ್ಗೆ ಹುಟ್ಟು ಹಾಕುಕ್ ಬತ್ತಾ?"

"ಕಲೀತೆ."

ಅತ್ತೆಯವರು ದೋಣಿಯ ಬಿಳಿಯ ಮೈಯನ್ನೂ ಕೆಂಪು ಬೆಂಚುಗಳನ್ನೂ ಅಕ್ಕರೆಯಿಂದ ನೋಡಿದರು.

"ಇಷ್ಟ್ ಚಂದದ್ ದೋಣಿ ಕಲಿಯುವವ್ರ ಕೈಗೆ ಕೊಡುದಾ? ಎಲ್ಲಾದ್ರೂ ಕಲ್ಲಿಗ್ ತಾಗಿರೆ? ಮುಂಚಿನ್ ಹಾಂಗೆ ಹಳೀದ್ ಆಯಿದ್ರೆ ಅಡ್ಡಿ ಇರ್ಲಿಲ್ಲೆ." ನನ್ನ ಮುಖ ಕಂಡು ಕನಿಕರ ಬಂದಿರಬೇಕು. "ಹೊಳಪ್ ಹೋಯ್ಲಿ. ಆಗ ನಿಮ್ಗೇ ಕೊಡ್ತೆ" ಎಂದರು.

ನ್ಯಾಯಕ್ಕಾಗಿ ಗೋದಾವರಿಯ ಕಡೆ ತಿರುಗಿದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಪಾಯಸ ನೋಡಲು ಒಳಗೆ ಹೋಗುತ್ತಿದ್ದಳು.

ಈಗ ಅತ್ತೆಯವರು ದಿನಾ ಸಂಜೆ ಕುದ್ರುವಿಗೆ ಹೋಗಿಬರುತ್ತಾರೆ. ಹಿಂದಿನ ಸ್ಥಾನ ಅವರದು, ಮುಂದೆ ಗೋದಾವರಿ. ಅವಳ ಎದುರು ತೆಂಗಿನಕಾಯಿಗಳು ಅತ್ತಿತ್ತ ಜಾರದಂತೆ ತಬ್ಬಿ ಹಿಡಿದುಕೊಳ್ಳುವುದು ನಾನು. ನೆಲದ ಮತ್ತು ಹುಟ್ಟಿನ ಮೇಣವನ್ನು ಸೋಪು, ನಾರು ಹಾಕಿ ತಿಕ್ಕಿ ತೆಗೆದಿದ್ದೇನೆ. ಉಳಿದುದನ್ನು ಬಿಸಿಲೂ ಉಪ್ಪುನೀರೂ ನೋಡಿಕೊಳ್ಳುತ್ತವೆಂದು ತಾಳ್ಮೆಯಿಂದ ಕಾದೆ. ಮೊನ್ನೆ ಭಾನುವಾರ ಬೆಳಿಗ್ಗೆ, ಮೂತಿಯ ಹತ್ತಿರ ಅಂಗೈಯಗಲ ಜಾಗ ಮಂಕಾಗಿರುವುದು ಕಂಡು ನನ್ನ ಹೃದಯ ಹಗುರವಾಯಿತು. ತಿರುಗಿ ನೋಡಿದರೆ ಅತ್ತೆಯವರು ಮೇಣದ ಡಬ್ಬಿ ಹಿಡಿದು ನಿಂತಿದ್ದರು.

"ಇಲ್ಲ್ ಒಂಚೂರ್ ಹೊಳಪ್ ಕಮ್ಮಿ ಆಯಿತ್ತ್, ಕಾಣಿ. ನಿಮ್ಮಷ್ಟ್ ಚಂದ ಹಚ್ಚುಕೆ ಬೇರೆ ಯಾರಿಗೂ ಬತ್ತಿಲ್ಲೆ."

ಡಬ್ಬಿ ತೆಗೆದುಕೊಂಡೆ. ಕೆಟ್ಟದಾಗಿ ಹಚ್ಚಬೇಕೆಂದು ಮನಸ್ಸಿನಲ್ಲಿ ದೃಢವಾಗಿ ನಿಶ್ಚಯಿಸಿಕೊಂಡೇ ಆರಂಭಿಸಿದೆ. ಆಗಲಿಲ್ಲ. ಒರೆಸಿ ಮುಗಿಸಿದಾಗ ದೋಣಿಯ ಮೈಯಲ್ಲಿ ನನ್ನ ಮುಖ ಮೊದಲಿಗಿಂತಲೂ ಸ್ಪಷ್ಟವಾಗಿ ಕಾಣುತ್ತಿತ್ತು.