ಕೊಡೆ ಅಂಗಡಿಯ ಹಿರಿಯರು ಬಾಯಿ ಬಿಟ್ಟಾಗ

“ಈ ಭಾನುವಾರ ನಿಮ್ಮಮ್ಮನ ಬಾಯಿಂದ ಒಂದು ಶಹಭಾಸ್ ಹೊರಡಿಸದೇ ಹೋದರೆ, ಇನ್ನು ಜನ್ಮದಲ್ಲಿ ಸ್ಕ್ರೂಡ್ರೈವರ್ ಮುಟ್ಟೋದಿಲ್ಲ” ಎಂದು ರಿಪೇರಿ ರಾಯರು ಹೆಂಡತಿಯ ಎದುರು ಘೋಷಿಸಿದರು.

“ಎರಡರಲ್ಲಿ ಯಾವುದಾದರೂ ಮನೆಗೆ ಲಾಭವೇ ಬಿಡಿ” ಎಂದರು ಹೆಂಡತಿ, ಬಟ್ಟೆ ಮಡಚುವುದನ್ನು ನಿಲ್ಲಿಸದೆ.

ರಾಯರ ಉದ್ಯೋಗ ನೀರಿನ ಬಿಲ್ಲು ಕಟ್ಟಿಸಿಕೊಳ್ಳುವ ಕೌಂಟರಿನಲ್ಲಿ. ರಿಪೇರಿ ಬರೀ ಚಟ. ಆ ಹೆಸರು ಬಂದದ್ದೂ ಅವರು ಸರಿ ಮಾಡಿದ ಸಾಮಾನುಗಳಿಂದಲ್ಲ, ಅವರು ಕೈ ಹಾಕಿದ ಮೇಲೆ ಅಂಗಡಿಗೆ ಹೋದ ಸಾಮಾನುಗಳಿಂದ. ಊರೆಲ್ಲ ನಕ್ಕರೂ ರಾಯರು ತಲೆ ಕೆಡಿಸಿಕೊಂಡವರಲ್ಲ. ಅತ್ತೆಯ ಮೌನವೊಂದೇ ಅವರನ್ನು ಕೊರೆಯುತ್ತಿತ್ತು. ಮದುವೆಯಾದಂದಿನಿಂದ “ಅಳಿಯಂದಿರ ಊಟ ಆಯ್ತಾ?” ಎನ್ನುವುದನ್ನು ಬಿಟ್ಟರೆ ಆಕೆ ಅಳಿಯನ ಬಗ್ಗೆ ಒಳ್ಳೆಯದನ್ನೂ ಆಡಿದವರಲ್ಲ, ಕೆಟ್ಟದ್ದನ್ನೂ ಆಡಿದವರಲ್ಲ. ಬೈದಿದ್ದರಾದರೂ ರಾಯರಿಗೆ ಸಮಾಧಾನವಾಗುತ್ತಿತ್ತು.

ಈಗ ಅವಕಾಶ ತಾನಾಗಿ ಮನೆಬಾಗಿಲಿಗೆ ಬಂದಿತ್ತು. ಬೀದಿಯ ತುದಿಯ ಲೈಬ್ರರಿಯಲ್ಲಿ, ಆ ಬೀದಿಯ ಹಳೇ ಮನೆ, ಹಳೇ ಅಂಗಡಿಗಳ ಚರಿತ್ರೆಗೆಂದೇ ಒಂದು ಮೂಲೆ ಮಾಡುತ್ತಿದ್ದರು. ರಾಯರ ಹೆಂಡತಿಯ ತಾತ ಒಂದು ಕಾಲದಲ್ಲಿ ಅದೇ ಬೀದಿಯಲ್ಲಿ ಕೊಡೆ ಅಂಗಡಿ ಇಟ್ಟಿದ್ದವರು. ಅಂಗಡಿಯ ಮುಂದೆ ಮನೆಮಂದಿಯೆಲ್ಲ ಸಾಲಾಗಿ ನಿಂತ ಫೋಟೋ ಒಂದಿತ್ತು. ನಟ್ಟ ನಡುವೆ ಗಿರಿಜಾ ಮೀಸೆಯ ತಾತ, ಬಿಚ್ಚಿದ ಕೊಡೆಯನ್ನು ಗುರಾಣಿಯಂತೆ ಪಕ್ಕಕ್ಕೆ ಹಿಡಿದು ನಿಂತಿದ್ದರು.

ಫೋಟೋ ನೋಡಿ ಲೈಬ್ರರಿಯ ಮೇಡಂ ಖುಷಿಪಟ್ಟರು. “ಯಾರು ಯಾರು ಅಂತ ಮನೆಯ ಹಿರಿಯರು ಒಬ್ಬರು ಹೇಳಿಬಿಟ್ಟರೆ ಇದನ್ನ ಕಾಯಂ ಇಲ್ಲೇ ಇಟ್ಟುಕೊಳ್ಳೋಣ” ಎಂದರು.

ಫೋಟೋದಲ್ಲಿದ್ದವರ ಪೈಕಿ ಉಳಿದವರು ಅತ್ತೆ ಒಬ್ಬರೇ. ಆಗ ಹೊಸ ಸೊಸೆಯಾಗಿ ಸಾಲಿನ ತುದಿಯಲ್ಲಿ ನಿಂತಿದ್ದರು. ಆದರೆ ಈಗ ಅವರ ಕಣ್ಣು ಮಂಜಾಗಿ, ಬೆಳಕು ನೆರಳಿನ ಹೊರತು ಬೇರೇನೂ ಕಾಣಿಸುತ್ತಿರಲಿಲ್ಲ.

“ಕಣ್ಣಿಲ್ಲದಿದ್ದರೇನಂತೆ, ಬೆರಳಿದೆ, ಕಿವಿಯಿದೆ” ಎಂದರು ರಾಯರು. ಒಂದು ಹಳೇ ಟ್ಯಾಬ್ ತಂದರು. ಅದರಲ್ಲಿ ಫೋಟೋ ಕೂರಿಸಿ, ಯಾವ ಮುಖ ಮುಟ್ಟಿದರೂ ಟ್ಯಾಬ್ ಗುರ್ ಎಂದು ನಡುಗಿ, ಆ ಮುಖದ ಕಥೆ ಹೇಳುವ ಹಾಗೆ ಮಾಡಿದರು. ಅತ್ತೆ ಕೇಳಿ ಹೌದೆಂದರೆ ಸಾಕು, ಮೇಡಂ ಬರೆದುಕೊಳ್ಳುತ್ತಾರೆ ಎಂಬುದು ಅವರ ಲೆಕ್ಕ. ಗಾಜು ನುಣ್ಣಗೆ, ಮುಖ ಎಲ್ಲಿದೆ ಎಂದು ಬೆರಳಿಗೆ ಗೊತ್ತಾಗಬೇಡವೇ? ಅದಕ್ಕೆ ಒಂದೊಂದು ಮುಖಕ್ಕೂ ಒಂದೊಂದು ತೂತು ಕೊರೆದ ರಟ್ಟನ್ನು ಮೇಲೆ ಅಂಟಿಸಿದರು. ರಟ್ಟು ಜಾರಬಾರದೆಂದು ಸುತ್ತಲೂ ಧಾರಾಳವಾಗಿ ಗೋಂದು ಬಳಿದರು. ಸದ್ದು ಕಡಿಮೆ ಮಾಡುವ ಬಟನ್ನೂ ಆರಿಸುವ ಬಟನ್ನೂ ಆ ಗೋಂದಿನಲ್ಲೇ ಸಮಾಧಿಯಾದವು.

ಇನ್ನು ದನಿ ಕೊಡುವ ಕೆಲಸ. ಹೆಂಡತಿಯ ಅಣ್ಣ ಮೀಸೆ ತೀಡುತ್ತ ಬಂದರು. ತಾತನ ಮೇಲಿನ ಭಕ್ತಿಗೆ ಅವರು ಹರೆಯದಿಂದಲೂ ಫೋಟೋದ ಗಿರಿಜಾ ಮೀಸೆಯನ್ನೇ ಎಣ್ಣೆ ಹಚ್ಚಿ ಸಾಕಿಕೊಂಡು ಬಂದಿದ್ದರು.

“ತಾತನ ದನಿ ನಾನೇ ಕೊಡೋದು” ಎಂದರು.

“ತಾತ ಅಂದರೆ ಗಾಂಭೀರ್ಯ ಬೇಕು ಭಾವ. ನಿಮ್ಮದು ಕೀರಲು ಗಂಟಲು. ಅದು ನನಗಿರಲಿ.”

“ಮೀಸೆ ಸಾಕಿದವನು ನಾನು, ಮಾತಾಡೋರು ನೀವಾ?”

ಕೊನೆಗೆ ಭಾವನಿಗೆ, ಫೋಟೋದಲ್ಲಿ ಸ್ಟೂಲಿನ ಮೇಲೆ ಕೂತಿದ್ದ ದೊಡ್ಡಪ್ಪನ ಪಾತ್ರ ಸಿಕ್ಕಿತು. ಹೆಂಗಸರೆಲ್ಲರ ಪಾಲೂ ರಾಯರ ಹೆಂಡತಿಗೇ ಬಂತು. ರಾಯರು ಬರೆದುಕೊಟ್ಟ ಮಾತನ್ನು ಪಕ್ಕಕ್ಕಿಟ್ಟು, “ಗಂಡಸರು ಅಂಗಡಿ ಮುಂದೆ ಮೆರೆದರು, ಕೊಡೆ ಹೊಲಿದವರು ನಾವು” ಎಂದು ಅವರು ಒಂದೇ ಉಸಿರಿಗೆ ಹೇಳಿ ಎದ್ದರು.

ಭಾನುವಾರ ಬಂತು. ‘ಸದ್ದು ಮಾಡಬೇಡಿ’ ಎಂಬ ಬೋರ್ಡಿನ ಕೆಳಗೆ, ತಗಡಿನ ಮೇಜಿನ ಮೇಲೆ ಟ್ಯಾಬ್ ವಿರಾಜಮಾನವಾಯಿತು. ಮೇಡಂ ಪೆನ್ನು ಹಿಡಿದು ನಿಂತರು. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿದರು. ಅತ್ತೆಗೆ ಒಂದು ಅಭ್ಯಾಸ. ಕಣ್ಣು ಮಂಜಾದಂದಿನಿಂದ ಯಾರೇ ಬಂದರೂ ಎರಡೂ ಕೈಯಿಂದ ಮುಖ ತಡವಿ ಮಾತಾಡಿಸುತ್ತಿದ್ದರು. “ಒಂದೇ ಬೆರಳು ಅತ್ತೆ” ಎಂದು ರಾಯರು ಹೇಳುವಷ್ಟರಲ್ಲಿ, ಆಕೆ ಹತ್ತೂ ಬೆರಳು ಹರಡಿ ಇಡೀ ಮನೆತನವನ್ನು ಒಟ್ಟಿಗೆ ತಡವಿದರು.

ಮನೆತನ ಒಟ್ಟಿಗೇ ಬಾಯಿ ಬಿಟ್ಟಿತು. ದೊಡ್ಡಪ್ಪ ಕೀರಿದರು, ಹೆಂಗಸರೆಲ್ಲ ಒಕ್ಕೊರಲಿನಿಂದ ಕೊಡೆ ಹೊಲಿದರು, ಎಲ್ಲರ ಮೇಲೆ ತಾತ ಗುಡುಗಿದರು. ನಡುಕಕ್ಕೆ ತಗಡಿನ ಮೇಜು ದಡದಡ ಬಡಿದುಕೊಂಡಿತು. ಟ್ಯಾಬ್ ಜೀರುಂಡೆಯಂತೆ ತೆವಳುತ್ತ ಅಂಚಿಗೆ ಹೊರಟಿತು. ಪೇಪರ್ ಓದುತ್ತಿದ್ದವರು ಎದ್ದು ನಿಂತರು. ರಾಯರು ಬಟನ್ ಹುಡುಕಿದರು, ಗೋಂದು ಸಿಕ್ಕಿತು. ಭಾವ ಹಾರಿ ಹಿಡಿದರು, ಅವರ ಹೆಬ್ಬೆರಳು ತಾತನ ಮೇಲೇ ಬಿದ್ದು ತಾತ ಮತ್ತೆ ಮೊದಲಿನಿಂದ ಶುರು ಮಾಡಿದರು. ಹಿಡಿದಷ್ಟೂ ಮಾತು ಹೆಚ್ಚಾಯಿತು.

“ಬಿಡಿರೀ, ನಮ್ಮ ಕಡೆಯವರನ್ನ ಯಾರೂ ಮುಟ್ಟಬೇಡಿ” ಎಂದು ಹೆಂಡತಿ ಗದರಿದ ಮೇಲೆ ಎಲ್ಲರೂ ಕೈ ತೆಗೆದರು. ಹಿರಿಯರು ಒಬ್ಬೊಬ್ಬರಾಗಿ ತೆಪ್ಪಗಾದರು.

ರಾಯರು ಬೆವರೊರೆಸಿಕೊಂಡು ನೋಡಿದರೆ, ಅತ್ತೆ ನಗುತ್ತಿದ್ದರು, ಕಣ್ಣಲ್ಲಿ ನೀರಿತ್ತು. “ಈ ಗಲಾಟೆ ಕೇಳಿ ಎಷ್ಟು ಕಾಲ ಆಗಿತ್ತು. ನಮ್ಮನೇಲಿ ಊಟಕ್ಕೆ ಕೂತರೆ ಹೀಗೇ. ಒಬ್ಬರೂ ಬಾಯಿ ಮುಚ್ಚುತ್ತಿರಲಿಲ್ಲ.”

ರಾಯರಿಗೆ ಹೋದ ಜೀವ ಬಂತು. ಶಹಭಾಸ್ ಇನ್ನೇನು ನಾಲಿಗೆಯ ತುದಿಗೆ ಬಂದಿದೆ ಎನ್ನಿಸಿತು. ಅತ್ತೆ ಈ ಸಲ ಒಂದೇ ಬೆರಳಿನಿಂದ ತಡವಿ ನಡುವಿನ ತೂತು ಹುಡುಕಿ ಒತ್ತಿದರು.

“ನಾನು ಈ ಅಂಗಡಿಯ ಸಂಸ್ಥಾಪಕ! ಬಿಸಿಲಿಗೆ ಬೆದರದ, ಮಳೆಗೆ ಮಣಿಯದ...” ಎಂದು ರಾಯರ ದನಿ ಮೊಳಗಿತು.

“ಯಾರು ಇದು?” ಎಂದರು ಅತ್ತೆ.

“ನಿಮ್ಮ ಮಾವನವರು. ನಡುವೆ ನಿಂತಿದ್ದಾರಲ್ಲ, ಕೊಡೆ ಹಿಡಿದುಕೊಂಡು.”

“ನಡುವೆ ನಿಂತವನು ಗಿರಾಕಿ” ಎಂದರು ಅತ್ತೆ. “ಮುರಿದ ಕೊಡೆಗೆ ಕಡ್ಡಿ ಹಾಕಿಸಿಕೊಂಡು ಹೋಗೋಕೆ ಬಂದಿದ್ದ. ಫೋಟೋ ತೆಗೆಯೋನು ಪಕ್ಕಕ್ಕೆ ಸರೀರಿ ಸರೀರಿ ಅಂತಾನೇ ಇದ್ದ, ಇವನು ಕೊಡೆ ಬಿಚ್ಚಿ ಪರೀಕ್ಷೆ ಮಾಡ್ತಾನೇ ಇದ್ದ. ಅಷ್ಟರಲ್ಲಿ ಕ್ಲಿಕ್ ಅಂತು.”

“ಹಾಗಾದರೆ ತಾತ?” ಎಂದರು ಭಾವ.

“ಆ ಕೊಡೆ ಹಿಂದೆ.”

ಎಲ್ಲರೂ ಮೂಲ ಫೋಟೋದ ಮೇಲೆ ಬಗ್ಗಿದರು. ಬಿಚ್ಚಿದ ಕೊಡೆಯ ಕೆಳಗೆ ಚಪ್ಪಲಿ ಹಾಕಿದ ಎರಡು ಕಾಲು ಸ್ಪಷ್ಟವಾಗಿ ಕಾಣಿಸಿತು. ಮೂರು ತಲೆಮಾರು ಆ ಕಾಲುಗಳನ್ನು ನೋಡಿಯೂ, ಮೇಲೊಬ್ಬ ಮನುಷ್ಯ ಇರಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಭಾವನ ಕೈ ತಾನಾಗಿ ಬಾಯಿಯ ಮೇಲೆ ಹೋಯಿತು. “ಈ ಮೀಸೆ ಮತ್ತೆ?”

“ನಿಮ್ಮ ತಾತನಿಗೆ ಮೀಸೆಯೇ ಇರಲಿಲ್ಲ ಕಣೋ. ಇಷ್ಟಪಟ್ಟು ಬೆಳೆಸಿದ್ದೀಯ ಅಂತ ಸುಮ್ಮನಿದ್ದೆ.”

“ಇಷ್ಟು ವರ್ಷ ಯಾಕಮ್ಮ ಹೇಳಲಿಲ್ಲ?” ಎಂದರು ರಾಯರ ಹೆಂಡತಿ.

“ತಾತನ ಫೋಟೋ ಅಂತಿದ್ರಿ. ತಾತ ಅದರಲ್ಲಿ ಇದ್ದಾರಲ್ಲ. ಯಾರು ಎಲ್ಲಿ ಅಂತ ಯಾರಾದರೂ ಕೇಳಿದಿರಾ?”

ಮೇಡಂ ಮಾತ್ರ ಹಿಗ್ಗಿಹೋದರು. “ಅಮ್ಮಾ, ಈ ಫೋಟೋ ನಮಗೆ ಬೇಕೇ ಬೇಕು. ಎಲ್ಲರ ಕಥೇನೂ ನಿಮ್ಮ ದನಿಯಲ್ಲೇ ಹೇಳಿಬಿಡಿ.”

ರಾಯರ ಮುಖ ಹಿಂಡಿದ ಬಟ್ಟೆಯಂತಾಗಿತ್ತು. “ಆಗಲಿ ಅತ್ತೆ” ಎಂದರು ಸಣ್ಣ ದನಿಯಲ್ಲಿ. “ನನ್ನದನ್ನು ಇವತ್ತೇ ಅಳಿಸಿಹಾಕ್ತೀನಿ.”

ಅತ್ತೆ ಅಳಿಯನ ಕೈ ಹುಡುಕಿ ಹಿಡಿದುಕೊಂಡರು.

“ಬೇರೆಯವರದ್ದೆಲ್ಲ ಅಳಿಸಿ. ಅದೊಂದು ಹಾಗೇ ಇರಲಿ, ಅಳಿಯಂದಿರೇ” ಎಂದರು. “ಅವನೂ ನಮ್ಮ ಮನೆಯಲ್ಲಿ ಹುಟ್ಟಿದವನಲ್ಲ. ಏನೋ ರಿಪೇರಿ ಅಂತ ಬಂದವನು ನಟ್ಟ ನಡುವೆ ನಿಂತ, ಎಷ್ಟು ಹೇಳಿದರೂ ಪಕ್ಕಕ್ಕೆ ಸರಿಯಲಿಲ್ಲ. ಈಗ ನೋಡಿದರೆ ಅವನಿಲ್ಲದೆ ಆ ಫೋಟೋ ನಮ್ಮದು ಅಂತಲೇ ಅನ್ನಿಸೋದಿಲ್ಲ. ನಿಮ್ಮ ದನಿ ಅವನಿಗೆ ಹೇಳಿ ಮಾಡಿಸಿದ ಹಾಗಿದೆ.”